ಸಲೀಸಾಗಿ ಬಂದ ಕಾಲುಂಗುರ

ದುಬೈಯ ಕರಾಮಾದ ಆ ಹಳೆಯ ಕಟ್ಟಡದಲ್ಲಿ ಗಿರಿಜವ್ವನ ಕೈಯ ಜೋಳದ ರೊಟ್ಟಿ ತಿನ್ನದವರು ಯಾರೂ ಇರಲಿಲ್ಲ. ಎದುರು ಮನೆಯ ಮಲಬಾರಿನವರು ತಿಂದಿದ್ದರು, ಕೆಳಗಿನ ಮಹಡಿಯ ಪಾಕಿಸ್ತಾನಿ ಡ್ರೈವರ್ ತಿಂದಿದ್ದ, ಕಟ್ಟಡ ಕಾಯುವ ನಾತೂರ್ ಅಂತೂ ಶುಕ್ರವಾರ ಬಂತೆಂದರೆ ಬಾಗಿಲ ಬಳಿ ಸುಮ್ಮಸುಮ್ಮನೆ ಕೆಮ್ಮುತ್ತ ನಿಲ್ಲುತ್ತಿದ್ದ. ಆದರೆ ಗಿರಿಜವ್ವನ ಕಾಲನ್ನು ಕಂಡವರು ಆ ಕಟ್ಟಡದಲ್ಲಾಗಲಿ, ಇಡೀ ದುಬೈಯಲ್ಲಾಗಲಿ ಒಬ್ಬರೂ ಇರಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ಸಂಸಾರ ಮಾಡಿದ ಗಂಡ ತಮ್ಮಣ್ಣನನ್ನೂ ಸೇರಿಸಿಯೇ ಈ ಮಾತು ಹೇಳಬೇಕು. ಅಷ್ಟು ಗಟ್ಟಿಯಾಗಿ ಮುಚ್ಚಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಸೊಂಟದ ಮೇಲಿನ ಗಿರಿಜವ್ವ ಒಬ್ಬಳು, ಕೆಳಗಿನ ಗಿರಿಜವ್ವ ಇನ್ನೊಬ್ಬಳು. ಮೇಲೆ ಸಣ್ಣ ಮುಖ, ತೆಳ್ಳನೆಯ ಭುಜ, ಕಾಲೇಜು ಹುಡುಗಿಯ ಅಳತೆಯ ಕುಪ್ಪಸ. ಕೆಳಗೆ ತೊಡೆ, ಮೊಣಕಾಲು, ಮೀನಖಂಡ ಎಲ್ಲ ಒಂದೇ ಗಾತ್ರ. ಆ ದಪ್ಪ ಕಣಕಾಲಿನವರೆಗೆ ಬಂದು, ಅಲ್ಲಿ ಯಾರೋ ದಾರ ಬಿಗಿದು ಕಟ್ಟಿದಂತೆ ಗಕ್ಕನೆ ನಿಂತುಬಿಡುತ್ತಿತ್ತು. ಅಲ್ಲಿಂದಾಚೆ ಪಾದ ಸಣ್ಣದು, ಎಲುಬು ಎಣಿಸುವ ಹಾಗಿತ್ತು. ಕುರ್ಚಿಯ ಮೂಲೆ ತಾಗಿದರೆ ಸಾಕು, ಎಂಟು ದಿನ ಹೋಗದ ನೀಲಿ ಕಲೆ. ಸಂಜೆಯಾಗುತ್ತಿದ್ದಂತೆ ಕಾಲಿಗೆ ಯಾರೋ ಕಲ್ಲು ಕಟ್ಟಿದಂಥ ಭಾರ. ಮಗಳು ಮಾಧುರಿ ಚಿಕ್ಕವಳಿದ್ದಾಗ ಓಡಿಬಂದು ತೊಡೆ ಏರಿದರೆ ಗಿರಿಜವ್ವನ ಜೀವ ಬಾಯಿಗೆ ಬರುತ್ತಿತ್ತು. ಹಲ್ಲು ಕಚ್ಚಿ ಮಗುವನ್ನು ಎತ್ತಿ ಪಕ್ಕಕ್ಕೆ ಕೂರಿಸುತ್ತಿದ್ದಳು. ಸೋಮವಾರ ಉಪವಾಸ, ಗುರುವಾರ ಉಪವಾಸ, ಏಕಾದಶಿಯೂ ಸೇರಿತು. ಕೆನ್ನೆ ಒಳಕ್ಕೆ ಹೋಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು, ಕಾಲು ಮಾತ್ರ ಒಂದು ನೂಲಿನಷ್ಟೂ ಇಳಿಯಲಿಲ್ಲ.

ಇಳಿಯುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಯಾಕೆಂದರೆ ಈ ರೋಗದ ಹೆಸರು ತನಗೆ ತಿಳಿದಿದೆ ಎಂದೇ ಅವಳು ನಂಬಿದ್ದಳು. ಆನೆಕಾಲು.

ಗುಳೇದಗುಡ್ಡದ ತವರಿನಲ್ಲಿ ಅವಳ ಅವ್ವನಿಗೂ ಇಂಥವೇ ಕಾಲು. ಯಾವ ಡಾಕ್ಟರು ಯಾವ ಕಾಲದಲ್ಲಿ ಹೇಳಿದರೋ, ಅಥವಾ ಯಾರೂ ಹೇಳದೆ ಓಣಿಯವರೇ ತೀರ್ಮಾನಿಸಿದರೋ, ಆನೆಕಾಲು ಎಂಬ ಹೆಸರು ಆ ಮನೆಯಲ್ಲಿ ಬಂದು ಕೂತಿತ್ತು. ರಕ್ತದಲ್ಲಿ ಹುಳ ಇರುತ್ತವಂತೆ, ಮೈಗೆ ಮೈ ತಾಗಿದರೆ ಮಕ್ಕಳಿಗೂ ಹತ್ತುತ್ತವಂತೆ. ಹಾಗಾಗಿ ಅವ್ವನಿಗೆ ಬೇರೆ ತಾಟು, ಬೇರೆ ಚರಿಗೆ, ಮಗ್ಗದ ಕೋಣೆಯ ಮೂಲೆಯಲ್ಲಿ ಬೇರೆ ಚಾಪೆ. ಮದುವೆ ಮುಂಜಿಗಳಲ್ಲಿ ಅವಳ ಜಾಗ ಹಿತ್ತಲಿನ ಒಲೆಯ ಮುಂದೆ. ಯಾರೋ ಬಲವಂತ ಮಾಡಿದ್ದೂ ಅಲ್ಲ, ಅವ್ವನೇ ಹಾಗೆ ದೂರ ನಿಂತುಬಿಟ್ಟಿದ್ದಳು. ಗಿರಿಜವ್ವ ಬೆಳೆದದ್ದು ಅಜ್ಜಿಯ ತೊಡೆಯ ಮೇಲೆ. ಅವ್ವನ ತೊಡೆಯ ಮೇಲೆ ಕೂತ ನೆನಪು ಅವಳಿಗೆ ಒಂದೂ ಇರಲಿಲ್ಲ. ಮಾಧುರಿ ಹುಟ್ಟಿದ ವರ್ಷ ತನ್ನ ಕಾಲೂ ತುಂಬಿಕೊಳ್ಳತೊಡಗಿದಾಗ ಅವಳು ಯಾರನ್ನೂ ಏನೂ ಕೇಳಲಿಲ್ಲ. ಅವ್ವನ ಹುಳ ತನಗೂ ಬಂತು ಎಂದುಕೊಂಡಳು, ಅಷ್ಟೆ.

ತಮ್ಮಣ್ಣ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಡೀಸೆಲ್ ಮೆಕ್ಯಾನಿಕ್. ಹೆಂಡತಿ ಮಗಳನ್ನು ಕರೆಸಿಕೊಂಡದ್ದು ತೊಂಬತ್ತರಲ್ಲಿ. ಬಂದ ವರ್ಷವೇ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ತುತ್ತು ಕಲಸುತ್ತ ಒಂದು ಸುದ್ದಿ ಹೇಳಿದ.

"ಅಲ್ ಕೂಜ್ ಕ್ಯಾಂಪಿನಾಗ ನಮ್ಮ ಕಡಿ ಹುಡುಗ ಒಬ್ಬ ಇದ್ನಲ್ಲ, ಇಳಕಲ್ಲಿನಾಂವ, ಅಂವನ್ನ ಕಳಿಸಿಬಿಟ್ರು. ವೀಸಾ ರಿನ್ಯೂವಲ್ ಮೆಡಿಕಲ್‌ನಾಗ ಅನ್‌ಫಿಟ್ ಆತಂತ. ಎದಿ ಎಕ್ಸ್‌ರೇದಾಗ ಏನೋ ಕಂಡೈತಿ. ಒಂದು ವಾರದಾಗ ಖಲಾಸ್."

ಹೇಳಿದವನು ಮಜ್ಜಿಗೆ ಕುಡಿದು ಎದ್ದುಹೋದ. ಕೇಳಿದವಳಿಗೆ ಮಾತ್ರ ಕೈಯಲ್ಲಿನ ತುತ್ತು ಬಾಯಿಗೆ ಹೋಗಲಿಲ್ಲ. ಎದೆಯೊಳಗಿನದನ್ನೇ ಹುಡುಕಿ ತೆಗೆಯುವವರು ರಕ್ತದಲ್ಲಿನ ಹುಳವನ್ನು ಬಿಟ್ಟಾರೆಯೇ? ತನ್ನದೊಂದು ಮೆಡಿಕಲ್ ಕೆಟ್ಟರೆ ತಾನು ಹೋಗಬೇಕು, ತನ್ನ ಹಿಂದೆ ಮಗಳು, ಮಗಳ ಶಾಲೆ, ಗಂಡನ ಅನ್ನ, ಎಲ್ಲ ಹೋದಂತೆಯೇ. ಹೀಗೆಂದು ಲೆಕ್ಕ ಹಾಕಿದ ಗಿರಿಜವ್ವ ಆ ದಿನದಿಂದ ಡಾಕ್ಟರ ಮುಖ ನೋಡಲಿಲ್ಲ. ಜ್ವರ ಬಂದರೆ ಶುಂಠಿ ಕಷಾಯ, ಹಲ್ಲು ನೋವಿಗೆ ಲವಂಗ. ವೀಸಾ ಮಾಡಿಸುವ ಹೊತ್ತಿಗೆ ಎದೆಯ ಚಿತ್ರ ತೆಗೆದರೆ, ತೋಳಿನಿಂದ ರಕ್ತ ಎಳೆದರೆ ಒಡ್ಡಲೇಬೇಕು. ಅದಕ್ಕೂ ಅವಳ ಹತ್ತಿರ ಉಪಾಯವಿತ್ತು.

ಊರಿಗೆ ಹೋದಾಗಲೆಲ್ಲ ಅವ್ವನ ಪಾಲಿನ ಆನೆಕಾಲಿನ ಗುಳಿಗೆಗಳನ್ನು ಒಂದಿಷ್ಟು ಬೇಡಿ ತರುತ್ತಿದ್ದಳು. ಅವು ದುಬೈಗೆ ಬರುತ್ತಿದ್ದದ್ದು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು. ಮೆಡಿಕಲ್ ಇನ್ನು ಇಪ್ಪತ್ತೊಂದು ದಿನ ಇದೆ ಎನ್ನುವಾಗ ಗುಳಿಗೆ ಶುರು. ತಲೆ ಸುತ್ತುತ್ತಿತ್ತು, ವಾಂತಿ ಬಂದಂತಾಗುತ್ತಿತ್ತು, ಆದರೂ ನುಂಗುತ್ತಿದ್ದಳು. ಅದರ ಜೊತೆಗೆ, ಕಾಲು ತೆಳ್ಳಗೆ ಕಾಣಲಿ ಎಂದು ಹಳೆಯ ಇಳಕಲ್ ಸೀರೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ಪಾದದಿಂದ ತೊಡೆಯವರೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಮೂರು ವಾರ ಕಳೆಯುವಷ್ಟರಲ್ಲಿ ಕಾಲು ಹಗುರಾಗುತ್ತಿತ್ತು, ನೋವೂ ಇಳಿಯುತ್ತಿತ್ತು. ಮೆಡಿಕಲ್ ಪಾಸಾಗುತ್ತಿತ್ತು. ಗುಳಿಗೆ ಹುಳವನ್ನು ಮಲಗಿಸಿತು ಎಂದು ಗಿರಿಜವ್ವ ಬಸವಣ್ಣನಿಗೆ ಕೈ ಮುಗಿಯುತ್ತಿದ್ದಳು. ಪಾಸಾದ ಮರುದಿನವೇ ಪಟ್ಟಿ ಬಿಚ್ಚಿ ಒಗೆದು ಎತ್ತಿಡುತ್ತಿದ್ದಳು, ವಾರದಲ್ಲಿ ಭಾರ ಮತ್ತೆ ಬರುತ್ತಿತ್ತು. ಒಂದಲ್ಲ ಎರಡಲ್ಲ, ನಾಲ್ಕು ಸಲ ಹೀಗೆಯೇ ನಡೆದುಹೋಯಿತು.

ಇಷ್ಟರಲ್ಲೇ ಮುಗಿದಿದ್ದರೆ ಅವಳ ಪಾಡು ಅವಳದು ಎಂದು ಬಿಡಬಹುದಿತ್ತು. ಆದರೆ ಹನ್ನೆರಡನೆಯ ತರಗತಿಗೆ ಬಂದ ಮಾಧುರಿಯ ಶಾಲೆಯ ಪ್ಯಾಂಟು ತೊಡೆಯ ಬಳಿ ಬಿಗಿಯತೊಡಗಿತು. ಸೊಂಟ ಸಡಿಲ, ತೊಡೆ ಬಿಗಿ. ಒಂದು ದಿನ ಸ್ನಾನ ಮುಗಿಸಿ ಬಂದ ಮಗಳ ಮೀನಖಂಡದ ಮೇಲೆ ಎರಡು ನೀಲಿ ಕಲೆ ಕಂಡು ಗಿರಿಜವ್ವ ಅವಳನ್ನು ತಡೆದು ನಿಲ್ಲಿಸಿದಳು.

"ಎಲ್ಲಿ ಬಡಕೊಂಡಿ?"

"ಡೋಂಟ್ ನೋ ಮಮ್ಮಿ. ಎಲ್ಲೂ ಇಲ್ಲ."

ಏಪ್ರಿಲ್‌ಗೆ ಹುಡುಗಿಗೆ ಹದಿನೆಂಟು ತುಂಬುತ್ತದೆ. ಹದಿನೆಂಟು ತುಂಬಿದರೆ ಅವಳೂ ಮೆಡಿಕಲ್‌ಗೆ ಹೋಗಬೇಕು. ಗಿರಿಜವ್ವನಿಗೆ ಬೇರೇನೂ ತೋಚಲಿಲ್ಲ. ಕಾಲಿಗೆ ಪಟ್ಟಿ ಸುತ್ತೋಣವೆಂದರೆ ಹುಡುಗಿ ಯಾಕೆ ಎಂದು ಕೇಳುತ್ತಾಳೆ. ಗುಳಿಗೆಯಾದರೆ ಕೇಳುವವರಿಲ್ಲ. ಸಂಕ್ರಾಂತಿ ಕಳೆದ ಮರುದಿನದಿಂದ ದಿನಾ ಬೆಳಿಗ್ಗೆ ಒಂದು ಗುಳಿಗೆಯನ್ನು ಕುಟ್ಟಾಣಿಯಲ್ಲಿ ಪುಡಿ ಮಾಡಿ, ಕಹಿ ತಿಳಿಯದಂತೆ ಬೆಲ್ಲ ಏಲಕ್ಕಿ ಜಾಸ್ತಿ ಹಾಕಿ, ಹಾಲಿನಲ್ಲಿ ಕದಡಿ ಮಗಳ ಕೈಗೆ ಕೊಡತೊಡಗಿದಳು. ಶಾಲೆಯ ಬಸ್ಸಿನ ಹೊತ್ತಿಗೆ ಗಟಗಟನೆ ಕುಡಿದು ಓಡುವ ಹುಡುಗಿ. ಹೆತ್ತವಳ ಕೈಯ ಹಾಲನ್ನು ಯಾರು ತಾನೇ ಮೂಸಿ ನೋಡುತ್ತಾರೆ?

ಎರಡು ಸಾವಿರದ ಮೂರನೆಯ ಇಸವಿ, ಫೆಬ್ರವರಿ. ಬೆಳಿಗ್ಗೆ ಹತ್ತರ ಸುಮಾರಿಗೆ ಶಾಲೆಯಿಂದ ಫೋನ್ ಬಂತು. ಮಾಧುರಿ ಪ್ರಯೋಗಶಾಲೆಯಲ್ಲಿ ನಿಂತಲ್ಲೇ ಕುಸಿದಿದ್ದಾಳೆ, ಹತ್ತಿರದ ಕ್ಲಿನಿಕ್ಕಿಗೆ ಒಯ್ದಿದ್ದೇವೆ, ಬನ್ನಿ. ಹೆಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೆಯೇ ಬಿಟ್ಟು, ಒಲೆ ಆರಿಸಿದ್ದೊಂದೇ ನೆನಪು, ಗಿರಿಜವ್ವ ಹಿಟ್ಟಿನ ಕೈಯಲ್ಲೇ ಟ್ಯಾಕ್ಸಿ ಹತ್ತಿದಳು.

ಮಾಧುರಿ ಮಂಚದ ಮೇಲೆ ಬಿಳಿಚಿಕೊಂಡು ಮಲಗಿದ್ದಳು. ಕೈಗೆ ಸಲೈನ್ ಚುಚ್ಚಿದ್ದರು. ಗಿರಿಜವ್ವನಿಗೆ ಇಂಗ್ಲಿಷ್ ಬಾರದು, ಹಿಂದಿಯೂ ಅಂಗಡಿಯ ಚೌಕಾಶಿಗೆ ಆಗುವಷ್ಟೇ. ಡ್ಯೂಟಿ ಡಾಕ್ಟರ್ ಯಾರನ್ನೋ ಕೂಗಿದರು. ಫಿಸಿಯೋಥೆರಪಿ ಕೋಣೆಯಿಂದ ಲಿಡ್ವಿನ್ ಎಂಬ ಉಡುಪಿ ಕಡೆಯ ತರುಣ ಬಂದ. ಅಂಥ ಹೊತ್ತಿನಲ್ಲೂ ಕನ್ನಡ ಕೇಳಿದ್ದೇ ಗಿರಿಜವ್ವನಿಗೆ ಕಣ್ಣು ತುಂಬಿಬಂತು.

"ಆಂಟಿ, ಹೆದರ್ಬೇಡಿ. ಡಾಕ್ಟರ್ ಒಂದು ಕೇಳ್ತಾ ಇದ್ದಾರೆ. ಇವಳು ಎಂತಾದ್ರೂ ಮಾತ್ರೆ ತಗೊಳ್ತಾಳಾ? ಪೇಟೆಯಿಂದ ತಂದದ್ದು, ಊರಿಂದ ತಂದದ್ದು? ಸರಿಯಾಗಿ ಹೇಳಿದ್ರೆ ಮಾತ್ರ ಮದ್ದು ಕೊಡ್ಲಿಕ್ಕೆ ಆಗುದು."

ಗಿರಿಜವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹೌದು ಎಂದರೆ ಯಾವ ಮಾತ್ರೆ ಎನ್ನುತ್ತಾರೆ. ಹೆಸರು ಹೇಳಿದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳಿದರೆ ಈ ಊರಿನ ಋಣ ಇವತ್ತಿಗೆ ತೀರಿತು. ಅಲ್ ಕೂಜ್‌ನ ಹುಡುಗನ ಸುದ್ದಿ ಕಿವಿಯಲ್ಲಿ ಗುಂಯ್‌ಗುಟ್ಟಿತು. ಇಲ್ಲ ಎಂದುಬಿಡಲೇ? ಇಲ್ಲ ಎಂದರೆ ಈ ಹುಡುಗಿಗೆ ಇವರು ಏನು ಮದ್ದು ಕೊಟ್ಟಾರು, ಅದಕ್ಕೂ ಇದಕ್ಕೂ ಸೇರಿ ಏನಾದೀತು? ಮಂಚದ ಮೇಲಿನ ಮುಖ ನೋಡಿದಳು. ಮುಂದಿನದನ್ನು ಅವಳ ಬಾಯಿಯೇ ಹೇಳಿಬಿಟ್ಟಿತು.

"ಕೊಟ್ಟೀನ್ರಿ ತಮ್ಮಾ. ನಾನ ಕೊಟ್ಟೀನಿ."

"ಎಂತ ಕೊಟ್ಟದ್ದು?"

"ಆನಿಕಾಲಿನ ಗುಳಿಗಿ. ದಿನಾ ಒಂದು. ಹಾಲಿನಾಗ ಹಾಕಿ. ಅಕಿಗೆ ಗೊತ್ತಿಲ್ರಿ."

ಲಿಡ್ವಿನ್ ಡಾಕ್ಟರ ಕಡೆ ತಿರುಗಿದ. ಇದನ್ನು ಇಂಗ್ಲಿಷಿಗೆ ಹೇಗೆ ತರುವುದೆಂದು ಅವನಿಗೆ ತಿಳಿಯಲಿಲ್ಲ. ತರುವ ಅಗತ್ಯವೂ ಬೀಳಲಿಲ್ಲ, ಮಂಚದಿಂದ ದನಿ ಬಂತು.

"ಮಮ್ಮಿ? ವಾಟ್ ಡಿಡ್ ಯೂ ಪುಟ್ ಇನ್ ಮೈ ಮಿಲ್ಕ್?"

ಮಾಧುರಿ ಎದ್ದು ಕೂರಲು ಹೋಗಿ ಮತ್ತೆ ದಿಂಬಿಗೆ ಒರಗಿದಳು. ಅವಳ ಕಣ್ಣಲ್ಲಿದ್ದದ್ದು ಸಿಟ್ಟಲ್ಲ. ಗುರುತಿಲ್ಲದ ಹೆಂಗಸನ್ನು ನೋಡುವ ನೋಟ. ಆ ನೋಟವನ್ನು ಗಿರಿಜವ್ವ ಸಾಯುವ ತನಕ ಮರೆಯಲಾರಳು, ಮರೆಯಬಾರದು ಕೂಡ.

ಗುಟ್ಟು ಮಗಳ ಹತ್ತಿರವೂ ಒಂದಿತ್ತು. ಡಾಕ್ಟರು ಊಟ ಏನು ಮಾಡಿದ್ದೆ ಎಂದು ಕೇಳಿದಾಗ ಅದೂ ಹೊರಬಿತ್ತು. ಶಾಲೆಯಲ್ಲಿ ಯಾರೋ ಅವಳ ಕಾಲಿಗೆ ಏನೋ ಹೆಸರಿಟ್ಟಿದ್ದರು. ಆವತ್ತಿನಿಂದ ನಾಲ್ಕು ತಿಂಗಳು ಅವ್ವ ಕಟ್ಟಿಕೊಟ್ಟ ಡಬ್ಬಿಯನ್ನು ಬೇರೆಯವರಿಗೆ ಕೊಟ್ಟು ಬರೀ ನೀರು ಕುಡಿದು ಬರುತ್ತಿದ್ದಳಂತೆ. ಖಾಲಿ ಹೊಟ್ಟೆಯಲ್ಲಿ ಹುಡುಗಿ, ಅದರ ಮೇಲೆ ದಿನಕ್ಕೊಂದು ಗುಳಿಗೆ. ಒಂದೇ ಮನೆಯಲ್ಲಿ, ಒಂದೇ ಕಾಲಿಗಾಗಿ, ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ತಿಳಿಯದಂತೆ ಹೀಗೆ ಮಾಡಿಕೊಂಡಿದ್ದರು.

ಪೊಲೀಸರು ಬರಲಿಲ್ಲ. ಬಂದದ್ದು ಅದೇ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ದಿನ ಕಾಲಿನ ರಕ್ತನಾಳ ನೋಡುತ್ತಿದ್ದ ಜರ್ಮನಿಯ ಡಾಕ್ಟರಮ್ಮ. ಎತ್ತರದ, ಬೆಳ್ಳಿ ಕೂದಲಿನ ಹೆಂಗಸು. ಮಗಳ ಕಾಲು ನೋಡಿದರು, ಒತ್ತಿದರು, ಆಮೇಲೆ ತಾಯಿಯ ಕಡೆಗೆ ತಿರುಗಿ ಪರದೆ ಎಳೆದರು. ಸೀರೆ ಮೇಲೆತ್ತಬೇಕು ಎಂದರು. ಲಿಡ್ವಿನ್ ಪರದೆಯ ಆಚೆ ಗೋಡೆಗೆ ಮುಖ ಮಾಡಿ ನಿಂತ. ಅಲ್ಲಿಂದಲೇ ಅವನು ಅತ್ತ ಇತ್ತ ಮಾತು ದಾಟಿಸಬೇಕು.

ತುಂಬಿಕೊಂಡ ಮೇಲೆ ಮೊದಲ ಸಲ ಆ ಕಾಲಿಗೆ ಇನ್ನೊಬ್ಬರ ಕಣ್ಣು ಬಿತ್ತು. ಗಿರಿಜವ್ವ ಕಣ್ಣು ಮುಚ್ಚಿಕೊಂಡಳು. ಡಾಕ್ಟರಮ್ಮನಿಗೆ ಅಸಹ್ಯವೂ ಆಗಲಿಲ್ಲ, ಭಯವೂ ಆಗಲಿಲ್ಲ. ಎರಡು ಕಾಲನ್ನೂ ಅಳೆದರು. ಮೆಲ್ಲಗೆ ಒತ್ತಿದಾಗ ಗಿರಿಜವ್ವ ಚೀರಿದ್ದನ್ನು ಬರೆದುಕೊಂಡರು. ನೀಲಿ ಕಲೆಗಳನ್ನು ಬರೆದುಕೊಂಡರು. ಕೊನೆಗೆ ಪಾದ ಹಿಡಿದು, ಎರಡನೆಯ ಬೆರಳಿನ ಕಾಲುಂಗುರವನ್ನು ಕೊಂಚ ಸರಿಸಿ, ಅಲ್ಲಿಯ ಚರ್ಮವನ್ನು ಚಿವುಟಿ ಎತ್ತಿದರು. ಚರ್ಮ ಸುಲಭವಾಗಿ ಎದ್ದುಬಂತು. ಅವರು ಏನೋ ಹೇಳಿದರು. ಪರದೆಯ ಆಚೆಯಿಂದ ಲಿಡ್ವಿನ್ ಮತ್ತೊಮ್ಮೆ ಕೇಳಿದ.

"ಆಂಟಿ, ಡಾಕ್ಟರ್ ಹೇಳ್ತಾರೆ, ಇದು ಆನೆಕಾಲು ಅಲ್ಲ ಅಂತ."

"ಇನ್ನೊಮ್ಮಿ ಕೇಳ್ರಿ ತಮ್ಮಾ. ಸರಿ ಕೇಳ್ರಿ."

"ಕೇಳಿದೆ ಆಂಟಿ, ಎರಡು ಸಲ ಕೇಳಿದೆ. ರಕ್ತವನ್ನೂ ಟೆಸ್ಟ್ ಮಾಡ್ತಾರೆ, ಆದ್ರೆ ಅವರಿಗೆ ಸಂಶಯ ಇಲ್ಲ. ಆನೆಕಾಲಾದ್ರೆ ಪಾದವೂ ಬೀಗ್ತದಂತೆ, ಬೆರಳಿನ ಚರ್ಮ ಹೀಗೆ ಚಿವುಟ್ಲಿಕ್ಕೆ ಸಿಗುದಿಲ್ಲಂತೆ. ಹೆಚ್ಚಾಗಿ ಒಂದು ಕಾಲು ಒಂದು ನಮೂನೆ, ಇನ್ನೊಂದು ಇನ್ನೊಂದು ನಮೂನೆ ಇರ್ತದೆ. ನಿಮ್ಮದು ಎರಡೂ ಒಂದೇ ಹಾಗೆ, ಪಾದಕ್ಕೆ ಎಂತದೂ ಆಗ್ಲಿಲ್ಲ. ಇದರ ಹೆಸರು ಲಿಪಿಡೀಮಾ ಅಂತ."

"ಅಂದ್ರ?"

"ಚರ್ಮದ ಅಡಿಯ ಕೊಬ್ಬಿನದ್ದೇ ಒಂದು ಕಾಯಿಲೆ. ಹೆಂಗಸರಿಗೇ ಬರುದು ಜಾಸ್ತಿ. ಮೈನೆರೆಯುವಾಗಲೋ, ಬಸುರಿಯಾದಾಗಲೋ ಶುರುವಾಗ್ತದೆ. ತಿಂದು ಬಂದದ್ದಲ್ಲ, ಉಪವಾಸ ಮಾಡಿದ್ರೆ ಹೋಗುದೂ ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುದಿಲ್ಲ. ಹುಳ ಗಿಳ ಎಂತದೂ ಇಲ್ಲ. ತಾಯಿಯಿಂದ ಮಗಳಿಗೆ ಬರ್ತದೆ, ಮೂಗು ಕಣ್ಣು ಬರುದಿಲ್ವಾ, ಹಾಗೆ."

"ವೀಸಾ?" ಎಂದಳು ಗಿರಿಜವ್ವ.

ಪರದೆಯ ಆಚೆ ಅವನಿಗೆ ಅರ್ಥವಾಗಲಿಲ್ಲ. "ವೀಸಾ ಎಂತ?"

"ಮೆಡಿಕಲ್‌ನಾಗ ನಮ್ಮನ್ನ ಕಳಿಸ್ತಾರೇನು?"

"ಅಯ್ಯೋ ಮಾರಾಯ್ರೆ! ದಪ್ಪ ಕಾಲಿಗೆ ಯಾರನ್ನೂ ಎಲ್ಲಿಗೂ ಕಳಿಸುದಿಲ್ಲ. ಇದಕ್ಕಾ ನೀವು ಇಷ್ಟು ವರ್ಷ ಡಾಕ್ಟರಿಗೆ ತೋರಿಸದೆ ಇದ್ದದ್ದು?"

ಡಾಕ್ಟರಮ್ಮ ಮೀನಖಂಡದ ಮೇಲೆ ಅಡ್ಡಡ್ಡ ಬಿದ್ದಿದ್ದ ಹಳೆಯ ಗುರುತುಗಳನ್ನು ಬೆರಳಿಂದ ತೋರಿಸಿ ಇದೇನು ಎಂದರು. ಸೀರೆಪಟ್ಟಿಯ ಕಥೆ ಪರದೆ ದಾಟಿ ಹೋಯಿತು. ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿ ನೋಡಿದರು. ಅವರಿಗೂ ಆಶ್ಚರ್ಯ.

"ಆಂಟಿ, ನಿಮಗೆ ಹಗುರ ಆದದ್ದು ಗುಳಿಗೆಯಿಂದ ಅಲ್ವಂತೆ. ಆ ಬಟ್ಟೆಯಿಂದ. ಇದಕ್ಕೆ ಮದ್ದು ಅಂದ್ರೆ ಅದುವೇ, ಬಿಗಿಯಾಗಿ ಒತ್ತಿ ಹಿಡಿಯುದು. ಸರಿಯಾದ ಅಳತೆಯ ಸ್ಟಾಕಿಂಗ್ ಉಂಟು, ದಿನಾ ಹಾಕ್ಬೇಕು. ನೀವು ಸರಿಯಾದ್ದನ್ನು ಬಿಚ್ಚಿ ಇಟ್ಟು, ತಪ್ಪಾದ್ದನ್ನು ನುಂಗಿದ್ದೀರಿ."

ತಪ್ಪಾದ್ದನ್ನು ತಾನು ನುಂಗಿದ್ದಲ್ಲದೆ ಮಗಳಿಗೂ ನುಂಗಿಸಿದ್ದಳು. ಆಗ ಅವಳಿಗೆ ಅವ್ವ ನೆನಪಾದಳು. ಅವ್ವನ ಕಾಲೂ ಹೀಗೆಯೇ ಅಲ್ಲವೇ, ಪಾದ ಹೇಗಿತ್ತು? ನೆನಪು ನೇರವಾಗಿ ಅಪ್ಪ ತೀರಿಕೊಂಡ ದಿನಕ್ಕೆ ಹೋಗಿ ನಿಂತಿತು. ಐದು ವರ್ಷದ ಹಿಂದಿನ ಮಾತು. ಕಾಲುಂಗುರ ತೆಗೆಯುವ ಶಾಸ್ತ್ರಕ್ಕೆ ಬಳಗದ ಹೆಂಗಸರು ಎಣ್ಣೆಯ ಬಟ್ಟಲು, ಸೋಪು, ದಾರ, ಅಕ್ಕಸಾಲಿಗನ ಇಕ್ಕಳ ಕೂಡ ತರಿಸಿಟ್ಟುಕೊಂಡು ಕೂತಿದ್ದರು, ಆನೆಕಾಲಿನವಳ ಬೆರಳಿನಿಂದ ಅದು ಬರುವುದುಂಟೇ ಎಂದು. ಒಬ್ಬಳು ಸುಮ್ಮನೆ ಎಳೆದಳು. ನಲವತ್ತೈದು ವರ್ಷದ ಹಿಂದೆ ಮದುವೆಯಲ್ಲಿ ತೊಡಿಸಿದ ಬೆಳ್ಳಿಯ ಸುರುಳಿ ಸಲೀಸಾಗಿ ಕೈಗೆ ಬಂತು. ಎಣ್ಣೆ ಬಟ್ಟಲಿನಲ್ಲೇ ಉಳಿಯಿತು. ಗಿರಿಜವ್ವ ಅಲ್ಲೇ ಕೂತಿದ್ದಳು, ಎಲ್ಲರೂ ಕೂತಿದ್ದರು. ಬಾವೇ ಇಲ್ಲದ ಪಾದವನ್ನು ಅಷ್ಟೂ ಜನ ಕಣ್ಣಾರೆ ಕಂಡರು. ಮರುದಿನ ಬೆಳಿಗ್ಗೆ ಅವ್ವನ ಮುಂದೆ ಮತ್ತೆ ಅದೇ ಬೇರೆ ತಾಟು.

ಗಿರಿಜವ್ವ ಇದನ್ನೂ ಹೇಳಿದಳು, ಲಿಡ್ವಿನ್ ದಾಟಿಸಿದ. ಕೇಳಿದ ಡಾಕ್ಟರಮ್ಮ, ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀನು ಹೇಳಿದ್ದು ನಿಜವಾದರೆ ಅವಳದೂ ಇದೇ ಇರಬೇಕು ಎಂದರು. ಗಿರಿಜವ್ವ ಬಗ್ಗಿ ತನ್ನ ಕಾಲುಂಗುರವನ್ನು ತಿರುಗಿಸಿ ನೋಡಿದಳು.

"ಯಾವಾಗ ಹೋಗ್ತೈತ್ರಿ ಇದು?" ಎಂದು ಕಡೆಗೆ ಕೇಳಿದಳು.

"ಹೋಗುದಿಲ್ಲ ಆಂಟಿ." ಲಿಡ್ವಿನ್ ಇದನ್ನು ಬಹಳ ಮೆತ್ತಗೆ ಹೇಳಿದ. "ಬದುಕಿರುವ ತನಕ ಇರ್ತದೆ. ಆದ್ರೆ ಹೆಚ್ಚಾಗದ ಹಾಗೆ ನೋಡ್ಕೊಳ್ಬಹುದು. ನೋವು ಕಡಿಮೆ ಮಾಡ್ಬಹುದು. ಮಗಳದ್ದು ಈಗಷ್ಟೇ ಶುರು, ಅವಳಿಗೆ ನಿಮ್ಮಷ್ಟು ಆಗ್ಬೇಕಂತ ಇಲ್ಲ."

ಗ್ಯಾರೇಜಿನ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಓಡಿಬಂದ ತಮ್ಮಣ್ಣ ಇಡೀ ಕಥೆ ಕೇಳಿ ಗರಬಡಿದವನಂತೆ ಕುರ್ಚಿಯಲ್ಲಿ ಕುಸಿದ. ಹೆಂಡತಿಯನ್ನು ಬಯ್ಯಲು ಬಾಯಿ ತೆರೆದ, ಬೈಗಳು ತನಗೇ ತಿರುಗಿತು. "ಊರ ಮಂದಿ ಎಂಜಿನ್ ಬಿಚ್ಚಿ ನೋಡ್ತೀನಿ ನಾನು. ನನ್ನ ಮನ್ಯಾಗ ಏನ್ ನಡದೈತಿ ಅಂತ ನೋಡ್ಲಿಲ್ಲಲ್ಲೋ ಶಿವನ" ಎಂದು ಹಣೆ ಹಣೆ ಬಡಿದುಕೊಂಡ.

ಎರಡು ದಿನಕ್ಕೆ ಮಾಧುರಿ ಮನೆಗೆ ಬಂದಳು. ರಕ್ತದ ವರದಿಯೂ ಬಂತು, ತಾಯಿಯದರಲ್ಲೂ ಮಗಳದರಲ್ಲೂ ಹುಳದ ಸುಳಿವಿರಲಿಲ್ಲ. ಗಿರಿಜವ್ವ ಶೇಂಗಾ ಹಿಂಡಿಯ ಡಬ್ಬಿಯ ತಳ ಬರಿದು ಮಾಡಿದಳು. ಆದರೆ ಮಗಳು ಅವ್ವ ಕೊಟ್ಟ ಹಾಲು ಮುಟ್ಟಲಿಲ್ಲ. ಬೆಳಿಗ್ಗೆ ತಾನೇ ಫ್ರಿಜ್ಜಿನಿಂದ ತೆಗೆದು, ತಾನೇ ಕಾಸಿಕೊಂಡು, ಲೋಟವನ್ನು ಕೈಯಿಂದ ಕೆಳಗಿಡದೆ ಕುಡಿಯುತ್ತಿದ್ದಳು. ಸಾರಿಗೆ ಉಪ್ಪು ಹಾಕುವಾಗ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳು. ಗಿರಿಜವ್ವ ಅತ್ತಳು, ಬೇಡಿಕೊಂಡಳು, ಆಮೇಲೆ ಸುಮ್ಮನಾದಳು. ಇದು ತನಗೆ ಸಲ್ಲಬೇಕಾದದ್ದೇ ಎಂದು ಅವಳಿಗೆ ಗೊತ್ತಿತ್ತು.

ಇಬ್ಬರ ಕಾಲನ್ನೂ ಜಾಗ ಜಾಗದಲ್ಲಿ ಅಳೆದು ಜರ್ಮನಿಗೆ ಬರೆದು ತರಿಸಿದ ಸ್ಟಾಕಿಂಗ್ ಬಂದವು. ದಪ್ಪ ನೂಲಿನ ಗಡಸು ವಸ್ತು. ಅದನ್ನು ಕಾಲಿಗೇರಿಸುವುದೆಂದರೆ ಮೊದಲ ದಿನ ಅರ್ಧ ಗಂಟೆಯ ಕುಸ್ತಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ ಎಂದು ಲಿಡ್ವಿನ್ ಹೇಳಿಕೊಟ್ಟ. ಅದರ ಬಾಯಿ ಅಗಲಿಸಿ ಹಿಡಿಯುವ ಒಂದು ಚೌಕಟ್ಟಿನ ಚಿತ್ರ ತೋರಿಸಿದ. ತಮ್ಮಣ್ಣ ಚಿತ್ರವನ್ನು ಒಮ್ಮೆ ನೋಡಿದ, ಗ್ಯಾರೇಜಿನಲ್ಲಿ ಕಬ್ಬಿಣದ ಸರಳು ಬಗ್ಗಿಸಿ ಎರಡು ಚೌಕಟ್ಟು ಬೆಸೆದು ತಂದ. ಒಂದಕ್ಕೆ ಹಸಿರು ಬಣ್ಣ, ಒಂದಕ್ಕೆ ಕೆಂಪು, ಗ್ಯಾರೇಜಿನಲ್ಲಿ ಉಳಿದಿದ್ದ ಲಾರಿಯ ಬಣ್ಣ. ಮಾತಿನಲ್ಲಿ ಕ್ಷಮೆ ಕೇಳುವುದು ಆ ಮನುಷ್ಯನಿಗೆ ಬಾರದು, ಇದು ಬರುತ್ತಿತ್ತು.

ಏಪ್ರಿಲ್ ಕಳೆದು ಸೆಕೆ ಏರಿದಂತೆ ಆ ಸ್ಟಾಕಿಂಗಿನೊಳಗೆ ಗಿರಿಜವ್ವನ ಕಾಲು ಬೇಯುತ್ತಿತ್ತು. ಕಿತ್ತು ಬಿಸಾಡಿಬಿಡೋಣ ಎಂದು ದಿನಕ್ಕೆ ನಾಲ್ಕು ಸಲ ಅನಿಸುತ್ತಿತ್ತು. ಸಂಜೆ ಕಾಲು ಹಗುರಾಗಿರುವುದನ್ನು ಕಂಡು ಮರುದಿನ ಮತ್ತೆ ಹಾಕುತ್ತಿದ್ದಳು. ಬೀಚ್ ಪಾರ್ಕಿನಲ್ಲಿ ವಾರಕ್ಕೊಂದು ಹೆಂಗಸರ ದಿನ. ಅವತ್ತು ಪಕ್ಕದ ಮನೆಯ ಬೀಫಾತಿಮಳನ್ನು ಜೊತೆ ಮಾಡಿಕೊಂಡು ಎದೆಯ ಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ನೀರಿನಲ್ಲಿ ಕಾಲಿಗೆ ಭಾರವೇ ಇಲ್ಲ ಎಂದು ಮೊದಲ ದಿನ ಗೊತ್ತಾದಾಗ ನಲವತ್ತು ದಾಟಿದ ಹೆಂಗಸು ಸಮುದ್ರದ ನಡುವೆ ನಿಂತು ಗಟ್ಟಿಯಾಗಿ ಅತ್ತುಬಿಟ್ಟಳು. ಸೋಮವಾರ ಗುರುವಾರದ ಉಪವಾಸ ನಿಂತಿತು. ಮೂರು ಹೊತ್ತು ಹದವಾಗಿ ಉಣ್ಣಬೇಕೆಂಬುದು ಡಾಕ್ಟರಮ್ಮನ ಆಜ್ಞೆ. ಕಾಲು ತೆಳ್ಳಗಾಯಿತೇ ಎಂದರೆ ಇಲ್ಲ. ಆಗುವುದೂ ಇಲ್ಲ. ನೀಲಿ ಕಲೆ ಕಡಿಮೆಯಾದವು, ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು ತಪ್ಪಿತು.

ಇಷ್ಟೆಲ್ಲ ಆದರೂ ಅವಳ ಒಳಗೊಂದು ಕಡೆ ನಂಬಿಕೆ ಕೂತಿರಲಿಲ್ಲ. ಅವ್ವನಿಗೆ ಇನ್ನೂ ಏನೂ ಹೇಳಿರಲಿಲ್ಲ. ಮಗಳ ಮೆಡಿಕಲ್ ಆಗಲಿ, ಆಮೇಲೆ ಎಂದುಕೊಂಡಿದ್ದಳು. ಮೇ ತಿಂಗಳಲ್ಲಿ ಆ ದಿನ ಬಂತು. ಮಾಧುರಿ ಸ್ಟಾಕಿಂಗ್ ಹಾಕಿಕೊಂಡೇ ಒಳಗೆ ಹೋದಳು. ಹೊರಗೆ ಕುರ್ಚಿಯಲ್ಲಿ ಗಿರಿಜವ್ವ ಬೆವರುತ್ತ ಕೂತಳು. ಹದಿನೈದು ನಿಮಿಷಕ್ಕೆ ಹುಡುಗಿ ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದಳು.

"ಕಾಲು ನೋಡಿದ್ರೇನು?"

"ಇಲ್ಲ ಮಮ್ಮಿ. ಬ್ಲಡ್, ಎಕ್ಸ್‌ರೇ, ಯಲ್ಲಾ ಯಲ್ಲಾ, ಬೇಗ ಬೇಗ, ನೆಕ್ಸ್ಟ್. ನೋಬಡಿ ಕೇರ್ಸ್."

ವಾರದಲ್ಲಿ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಅಂಟಿಕೊಂಡು ಬಂತು. ಆ ಹಾಳೆಯನ್ನು ಗಿರಿಜವ್ವ ಬೆರಳಿನಿಂದ ಸವರಿ ಸವರಿ ನೋಡಿದಳು. ಯಾರೂ ನೋಡದ ಕಾಲಿಗಾಗಿ ಹದಿಮೂರು ವರ್ಷ. ಅಂಟದ ರೋಗಕ್ಕಾಗಿ ಅವ್ವನ ಇಡೀ ಜನ್ಮ.

ಶುಕ್ರವಾರ ಮಧ್ಯಾಹ್ನ ಕಾಲಿಂಗ್ ಕಾರ್ಡು ತಂದು, ಸ್ಪೀಕರ್ ಒತ್ತಿ, ಊರಿಗೆ ಫೋನ್ ಮಾಡಿದಳು. ಮಾಧುರಿ ಸೋಫಾದ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಊರಿನಲ್ಲಿ ಗಿರಿಜವ್ವನ ತಮ್ಮ ಫೋನನ್ನು ಮಗ್ಗದ ಕೋಣೆಗೆ ಒಯ್ದು ಅವ್ವನ ಕೈಗೆ ಕೊಟ್ಟ. ಗಿರಿಜವ್ವ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಜರ್ಮನಿಯ ಡಾಕ್ಟರಮ್ಮ, ಚಿವುಟಿದ ಬೆರಳು, ಅಪ್ಪ ಹೋದ ದಿನದ ಕಾಲುಂಗುರ.

"ಯವ್ವಾ, ನಿನಗ ಆನಿಕಾಲ ಇಲ್ಲ. ಇರೂದ ಇಲ್ಲ. ಬಾಗಲಕೋಟಿಗೆ ಹೋಗಿ ದೊಡ್ಡ ಡಾಕ್ಟರಗ ತೋರಿಸ್ರಿ, ತಮ್ಮಗ ಹೇಳ್ತೀನಿ. ಆದ್ರ ಇದು ಯಾರಿಗೂ ಅಂಟೂದಿಲ್ಲ. ಅವತ್ತೂ ಅಂಟತಿದ್ದಿಲ್ಲ."

ಆ ಕಡೆ ಮಗ್ಗದ ಲಟಪಟ ಸದ್ದೊಂದೇ ಕೇಳುತ್ತಿತ್ತು. ಮುದುಕಿಗೆ ಕೇಳಿಸಿತೋ ಇಲ್ಲವೋ ಎಂದು ಗಿರಿಜವ್ವ ಮತ್ತೆ ಕೂಗಿದಳು.

"ಕೇಳಿತವ್ವಾ," ಎಂದಿತು ದನಿ. ಆಮೇಲೆ ಬಹಳ ನಿಧಾನಕ್ಕೆ, ತನ್ನನ್ನು ತಾನೇ ಕೇಳಿಕೊಳ್ಳುವಂತೆ ಕೇಳಿತು. "ಹಂಗಾರ ಗಿರಿಜಾ, ನಿನ್ನ ನಾ ಎತ್ಕೋಬಹುದಿತ್ತೇನ?"

ಗಿರಿಜವ್ವ ಫೋನಿನ ವಯರು ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದಳು. ಪುಸ್ತಕ ಬದಿಗಿಟ್ಟು ಎದ್ದುಬಂದ ಮಾಧುರಿ ಅವ್ವನ ಪಕ್ಕ ಕೂತು ಫೋನಿಗೆ ಬಾಗಿದಳು. ಎಂದೂ ಅಜ್ಜಿಯ ಜೊತೆ ಎರಡು ಮಾತಿಗಿಂತ ಹೆಚ್ಚು ಆಡದ ಹುಡುಗಿ.

"ಅಜ್ಜಿ, ನಾನು ಮಾಧುರಿ. ಸೂಟಿಗೆ ನಾನೂ ಮಮ್ಮಿನೂ ಬರಾಕತ್ತೀವಿ. ನಾನು ನಿನ್ನ ತೊಡಿ ಮ್ಯಾಲ ಕೂಡ್ತೀನಿ."

"ದೊಡ್ಡಾಕಿ ಆಗೀದಿ ನೀನು. ನನ್ನ ಕಾಲು ಭಾಳ ನೋಯ್ತಾವವ್ವಾ."

"ಗೊತ್ತು ಅಜ್ಜಿ. ನಂದೂ ನೋಯ್ತಾವು."

ಆ ಕಡೆ ಯಾರೋ ಮಗ್ಗ ನಿಲ್ಲಿಸಿದರು. ಮುದುಕಿಯ ಉಸಿರು ಸ್ಪಷ್ಟವಾಗಿ ಕೇಳಿಸಿತು.

"ನೋಯ್ಲಿ ಬಾ," ಎಂದಳು ಅಜ್ಜಿ. "ನಿಮ್ಮವ್ವಗೂ ಕೂಡ್ರಾಕ ಹೇಳು."